ಗಿಳಿಯ ಎಂಜಲು

ಆ ಊರಿನ ಶಾಲೆಗೆ ವರ್ಗವಾಗಿ ಬಂದ ದಿನವೇ ನಾನು ಸೀಬೆಯಕ್ಕನನ್ನು ಕಂಡೆ. ಗೇಟಿನೆದುರಿನ ದೊಡ್ಡ ಮರದ ಕೆಳಗೆ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ತಲೆಯ ಮೇಲೆ, ಒಣಹಾಕಿ ಮರೆತುಹೋದ ಕಪ್ಪು ಬಟ್ಟೆಗಳಂತೆ, ಬಾವಲಿಗಳು ತೂಗುತ್ತಿದ್ದವು.

"ತಗೊಳ್ಳಿ ಮೇಷ್ಟ್ರೇ, ಗಿಳಿ ಕಚ್ಚಿದ್ದು. ಗಿಳಿ ಎಂಜಲು ಎಂಜಲಲ್ಲ!"

ಕಚ್ಚಿದ ಹಣ್ಣನ್ನು ಅವಳು ಮಾರುತ್ತಿರಲಿಲ್ಲ, ಬೇಕಾದವರಿಗೆ ಹಾಗೇ ಕೊಡುತ್ತಿದ್ದಳು. ಹೆಚ್ಚಿನವು ಮೊಮ್ಮಗಳ ಪಾಲು. ಸಂಜೆಯಾದರೆ ಮರವೇ ಮೆಲ್ಲನೆ ಬಿಚ್ಚಿಕೊಂಡು ಆಕಾಶಕ್ಕೆ ಹರಿದಂತೆ ಬಾವಲಿಗಳು ಹೊರಡುತ್ತಿದ್ದವು. ಅಜ್ಜಿ, ಮೊಮ್ಮಗಳು ಇಬ್ಬರೂ ಬಾಯಿ ತೆರೆದು ನೋಡುತ್ತಿದ್ದರು.

ಒಂದು ವರ್ಷ ಪಕ್ಕದ ಊರಿನಲ್ಲಿ ಕೆಟ್ಟ ಜ್ವರ ಕಾಣಿಸಿಕೊಂಡಿತು. ಬಾವಲಿಯ ಜೊಲ್ಲಿನಿಂದ ಹಣ್ಣಿಗೆ, ಹಣ್ಣಿನಿಂದ ಮನುಷ್ಯರಿಗೆ ವೈರಸ್ ಬಂದಿರಬಹುದೆಂದು ವೈದ್ಯರು ಹೇಳಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೀಬೆಯಕ್ಕನ ಮಗಳು ಕೆಲಸ ಮುಗಿಸಿ ಬಂದವಳು, ತನ್ನ ಮಗುವಿನ ಕೈಯಲ್ಲಿದ್ದ ಹಣ್ಣು ನೋಡಿ ನಿಂತುಬಿಟ್ಟಳು.

"ಅಮ್ಮಾ, ಇದೆಲ್ಲಿತ್ತು?"

"ಬೆಳಕು ಹರಿಯೋಕೆ ಮುಂಚೆ ನಮ್ಮ ಗಿಡದ ಕೆಳಗೆ ಆರಿಸಿದ್ದು ಕಣೇ. ಗಿಳಿ ಕಚ್ಚಿದ್ದು."

"ಕತ್ತಲಲ್ಲಿ ಯಾವ ಗಿಳಿ ಬರುತ್ತಮ್ಮ?"

ಸೀಬೆಯಕ್ಕ ನಿಧಾನವಾಗಿ ಕತ್ತೆತ್ತಿ ಬಾವಲಿಗಳ ಮರ ನೋಡಿದಳು.

ಮರುದಿನ ಮಗುವಿನ ಮೈ ಸುಡತೊಡಗಿತು. ರಕ್ತ ಪರೀಕ್ಷೆಗೆ ಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಸೀಬೆಯಕ್ಕನ ಪಕ್ಕದಲ್ಲಿ ನಾನೂ ಕುಳಿತೆ.

"ಕಣ್ಣು ಮುಚ್ಚಿದ್ರೆ ಹಸಿರು ಗಿಳಿಗಳೇ ಬರ್ತಾವೆ ಮೇಷ್ಟ್ರೇ. ಹತ್ತಿರ ಬಂದ್ರೆ ರೆಕ್ಕೆಯೆಲ್ಲ ಕಪ್ಪು. ನನ್ನ ಕೈಯಾರೆ ತಿನ್ನಿಸಿದೆನಲ್ಲ..."

ಬಾಗಿಲು ತೆರೆಯಿತು. ಮಗಳ ಮುಖ ನೋಡಿಯೇ ತಿಳಿಯಿತು.

"ಮಾಮೂಲಿ ಜ್ವರ ಅಮ್ಮ. ಅದಲ್ಲ."

ಸೀಬೆಯಕ್ಕ ಅಳುತ್ತಲೇ ನಕ್ಕಳು: "ಪಾಪ, ಇಷ್ಟು ವರ್ಷ ಗಿಳಿ ಹೆಸರು ಕೆಡಿಸಿದೆ!"

ಮರ ಕಡಿಯಬೇಕೆಂದು ಬೀದಿಯವರು ಕೊಡಲಿ ಹಿಡಿದು ಬಂದಾಗ ಮಗಳೇ ತಡೆದಳು: "ಓಡಿಸಿದ್ರೆ ಇನ್ನೊಂದು ಬೀದಿಗೆ ಹೋಗ್ತಾವೆ, ಅಷ್ಟೇ. ಅವು ಅವುಗಳ ಪಾಡಿಗಿರಲಿ. ನಾವು ಅವುಗಳ ಎಂಜಲು ತಿನ್ನದಿದ್ರೆ ಸಾಕು."

ಈಗ ಸೀಬೆಯಕ್ಕನ ಬುಟ್ಟಿ ಮರದಿಂದ ದೂರ, ಗೋಡೆಯ ಪಕ್ಕದಲ್ಲಿದೆ. ಹಳೆಯ ಬಟ್ಟೆಯಿಂದ ಪುಟ್ಟ ಚೀಲ ಹೊಲಿದು, ಗಿಡದಲ್ಲೇ ಒಂದೊಂದು ಕಾಯಿಗೂ ಕಟ್ಟುತ್ತಾಳೆ. ಕಚ್ಚಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟದೆ ಗುಂಡಿ ತೋಡಿ ಹೂಳುತ್ತಾಳೆ. ಮೊನ್ನೆ ಹೋದಾಗ ಚೀಲ ಬಿಚ್ಚಿ, ತೊಳೆದು, ನನ್ನ ಕೈಗೊಂದು ಹಣ್ಣಿಟ್ಟಳು.

"ಇದನ್ನ ಯಾರೂ ರುಚಿ ನೋಡಿಲ್ಲ ಮೇಷ್ಟ್ರೇ. ಸಿಹಿಯೋ ಸಪ್ಪೆಯೋ, ನೀವೇ ಕಚ್ಚಿ ಹೇಳಿ."