ಅಡಗಿಮನಿ ಬಾಗ್ಲಾ

ಚೆಂಡಿನ ಚೀಲದ ದಾರ ಬಿಚ್ಚಿದಾಗಲೆಲ್ಲ ನಾನು ಉಳ್ಳಾಗಡ್ಡಿಯ ವಾಸನೆ ಹುಡುಕುತ್ತೇನೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆಯಷ್ಟೇ ಮೂಗಿಗೆ ಬಡಿಯುತ್ತದೆ. ನಾಸಿಕದ ನಮ್ಮ ಬಾಡಿಗೆ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಇರುತ್ತಿದ್ದದ್ದು ಅಡುಗೆಮನೆಯ ಮೂಲೆಯಲ್ಲಿ, ಉಳ್ಳಾಗಡ್ಡಿ ಚೀಲದ ಮೇಲೆ. ಅಪ್ಪ ಪಿಂಪಳಗಾಂವ್ ಬಸವಂತದ ಬ್ಯಾಂಕಿನಲ್ಲಿದ್ದರು. ಉಳ್ಳಾಗಡ್ಡಿ ಮಾರ್ಕೆಟ್ಟಿನ ಊರಲ್ಲವೇ, ಮನೆಯಲ್ಲಿ ಅದಕ್ಕೆ ಬರವೇ ಇರಲಿಲ್ಲ. ಚೆಂಡು ಅದರ ಮೇಲೆ ಕೂತು ಕೂತು ನಮ್ಮ ಅಂಗೈಗೂ ಅದೇ ವಾಸನೆ ಹತ್ತಿತ್ತು. ಶಾಲೆಯಲ್ಲಿ ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಸಂಜೆ ಅದೇ ಚೆಂಡಿಗಾಗಿ ನನ್ನ ಹಿಂದೆ ಬೀಳುತ್ತಿದ್ದರು. ಈಗ ಆ ಮನೆಯನ್ನು ಕೆಡವಿ ಪಾರ್ಕಿಂಗ್ ಮಾಡಿದ್ದಾರೆ. ಬೆಳೆದ ಮನೆ ಇದ್ದ ಜಾಗದಲ್ಲಿ ನೀವೂ ಎಂದಾದರೂ ಹೋಗಿ ನಿಂತಿದ್ದರೆ, ಕಾಲು ಎಲ್ಲಿಡಬೇಕೆಂದು ತಿಳಿಯದ ಆ ಸಂಕಟ ನಿಮಗೂ ಗೊತ್ತಿರುತ್ತದೆ.

ಅಪ್ಪ ಬೀದರಿನವರು. ಕಾಲೇಜಿನಲ್ಲಿ ಒಂದಿಷ್ಟು ಆಡಿದ್ದರು ಎನ್ನುವುದಷ್ಟೇ ಅವರ ಅರ್ಹತೆ. ಆದರೂ ಸಂಜೆ ಬ್ಯಾಂಕಿನಿಂದ ಬಂದವರೇ ಮನೆಯ ಹಿಂದಿನ ಬಯಲಿನಲ್ಲಿ ಗಲ್ಲಿಯ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಎದುರಾಳಿಗಳಿಗೆ ನಮ್ಮ ಗುಟ್ಟು ತಿಳಿಯಬಾರದೆಂದು ಅವರು ಹೂಡಿದ ಉಪಾಯ ಕನ್ನಡ. ಅಂಕಣಕ್ಕೆಲ್ಲ ನಮ್ಮ ಮನೆಯ ಹೆಸರುಗಳನ್ನೇ ಇಟ್ಟರು. ಬುಟ್ಟಿಯ ಕೆಳಗಿನ ಜಾಗ ಅಡಗಿಮನಿ, ಎರಡು ಬದಿಗೆ ಕಿಡಕಿ. ‘ಕಿಡಕಿ ತೆಗೀರಿ’ ಎಂದರೆ ಬದಿಗೆ ಹರಡಿ ನಿಲ್ಲಬೇಕು, ‘ಅಡಗಿಮನಿ ಬಾಗ್ಲಾ ಹಾಕ್ರಿ’ ಎಂದರೆ ಮೂವರು ಬುಟ್ಟಿಯ ಮುಂದೆ ಒತ್ತಿಕೊಂಡು ದಾರಿ ಕಟ್ಟಬೇಕು. ಮರಾಠಿ ಹುಡುಗಿಯರು ವಾರದಲ್ಲೇ ಕಲಿತರು. ಬಾಯಿ ಬಿಡದವಳು ನಾನೊಬ್ಬಳೇ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಗೆಳತಿಯರ ಮುಂದೆ ಆಡಲು ನಾಚಿಕೆ. ಅವ್ವ ಏನು ಕೇಳಿದರೂ ಮರಾಠಿಯಲ್ಲೇ ಉತ್ತರ. ಅಪ್ಪ ಬೈದವರಲ್ಲ. ಒಮ್ಮೆ ಮಾತ್ರ, “ನಿನ್ನ ಬಾಯಾಗ ನಮ್ಮ ಮಾತು ಒಮ್ಮೆರ ಕೇಳಬೇಕಂತ ಭಾಳ ಆಸೆ ಅದವಾ,” ಅಂದಿದ್ದರು. ಅದಕ್ಕೂ ನಾನು ಮರಾಠಿಯಲ್ಲೇ ಏನೋ ಗೊಣಗಿದ್ದೆ.

ಒಂದು ವರ್ಷ ಈಗಿನ ಸಂಭಾಜಿನಗರಕ್ಕೆ ಒಂದು ಪಂದ್ಯಕ್ಕೆ ಹೋದೆವು. ಅಪ್ಪ ಕಿಡಕಿ ಎಂದು ಕೂಗಿದರೆ ಎದುರಿನ ಹುಡುಗಿಯರು ನಮಗಿಂತ ಮೊದಲೇ ಕಿಡಕಿಯಲ್ಲಿ ನಿಂತಿರುತ್ತಿದ್ದರು. ಅಪ್ಪ ಇನ್ನೂ ಜೋರಾಗಿ ಕೂಗಿದರು. ಕೂಗಿದಷ್ಟೂ ನಮ್ಮ ಗತಿ ಕೆಟ್ಟಿತು. ಅರ್ಧ ಆಟ ಮುಗಿದಾಗ ಅವರ ಕೋಚ್, ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಪ್ಪನೆಯ ಮನುಷ್ಯ, ನಗುತ್ತ ಬಂದರು. “ಸರ, ನಮ್ದು ಭಾಲ್ಕಿರಿ. ನಿಮ್ಮ ಅಡಗಿಮನಿ, ಕಿಡಕಿ ಎಲ್ಲಾ ತಿಳೀಲಿಕತ್ತದ. ಸುಮ್ನ ಗಂಟಲಾ ಹರ್ಕೋಬ್ಯಾಡ್ರಿ.” ಬೀದರಿನ ಪಕ್ಕದೂರಿನವರೇ ಎದುರಿಗೆ ಸಿಕ್ಕಿದ್ದಕ್ಕೆ ಅಪ್ಪ ಪೆಚ್ಚಾದರು, ಆಮೇಲೆ ಅವರೊಂದಿಗೇ ನಕ್ಕರು. ನಕ್ಕು ಮುಗಿಸಿ ನಮ್ಮ ಹತ್ತಿರ ಬಂದು ತಮ್ಮ ಬೀದರಿನ ಮರಾಠಿಯಲ್ಲಿ, ಇನ್ನು ನಾನು ಬಾಯಿ ತೆಗೆಯುವುದಿಲ್ಲ, ನೀವೇ ನೋಡಿ, ಪಕ್ಕದವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿಕೊಳ್ಳಿ ಎಂದರು. ಬೆಂಚಿನ ಮೇಲೆ ಕೂತು ಎರಡೂ ಕೈ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡರು. ಸ್ವಲ್ಪ ಹೊತ್ತು ನಾವು ಬೆಂಚಿನ ಕಡೆಗೇ ನೋಡುತ್ತ ಚೆಂಡು ಕಳೆದುಕೊಂಡೆವು. ಅಷ್ಟರಲ್ಲಿ ಅವರ ಎತ್ತರದ ಹುಡುಗಿ ಬುಟ್ಟಿಯತ್ತ ನುಗ್ಗಿದಳು, ನನಗೆ ಗೊತ್ತಿಲ್ಲದೆಯೇ ನನ್ನ ಬಾಯಿಂದ ಮೆಲ್ಲಗೆ ಬಂದುಬಿಟ್ಟಿತು, “ಅಡಗಿಮನಿ ಬಾಗ್ಲಾ ಹಾಕ್ರಿ.” ಮೂವರು ಒತ್ತಿ ನಿಂತೆವು. ಅವಳು ಹಿಂದೆ ಸರಿದಳು.

ಸೋತೆವು, ಆದರೆ ಸ್ವಲ್ಪದರಲ್ಲಿ. ವಾಪಸ್ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ನನಗೆ ಅಪ್ಪ, “ಮೊದಲ್ನೇ ಅರ್ಧ ನಾನ ಆಡಿದ್ದೆ. ಎರಡನೇದ್ದು ನೀವು ಆಡಿದ್ರಿ. ಛಲೋ ಆಡಿದ್ರಿ,” ಅಂದರು. ನನ್ನ ಕನ್ನಡದ ಬಗ್ಗೆ ಏನಾದರೂ ಹೇಳಲಿ ಎಂದು ನಾನು ನಾಸಿಕದವರೆಗೂ ಕಾದೆ. ಹೇಳಲಿಲ್ಲ. ಕೇಳಿಸಿತಾ ಎಂದು ಕೇಳಲು ನನಗೂ ಜಂಬ. ಆಮೇಲೆ ವರ್ಗಾವಣೆ ಬಂತು, ಕೆಲವೇ ವರ್ಷಗಳಲ್ಲಿ ಅಪ್ಪ ತೀರಿಕೊಂಡರು, ಆ ಪ್ರಶ್ನೆ ನನ್ನಲ್ಲೇ ಉಳಿಯಿತು.

ಈಗ ನಾನು ಅದೇ ಸಂಭಾಜಿನಗರದ ವಾಳೂಜ್ ಹತ್ತಿರದ ಶಾಲೆಯೊಂದರಲ್ಲಿ ಕಾರ್ಖಾನೆ ಕೆಲಸಗಾರರ ಹೆಣ್ಣುಮಕ್ಕಳಿಗೆ ಇದೇ ಆಟ ಕಲಿಸುತ್ತೇನೆ. ಅಪ್ಪನ ಅಡಗಿಮನಿ, ಕಿಡಕಿ ಎಲ್ಲವನ್ನೂ ಕೊಟ್ಟಿದ್ದೇನೆ. ಆದರೆ ಬಹಳ ವರ್ಷ ಅಪ್ಪನ ಮೊದಲ ಅರ್ಧವನ್ನೇ ಆಡಿದೆ. ಕೂಗಿದ್ದೇ ಕೂಗಿದ್ದು, ಸೋತದ್ದೇ ಸೋತದ್ದು. ಒಂದು ದಿನ ನಮ್ಮ ತಂಡದ ಪಲ್ಲವಿ ತಲೆ ತಗ್ಗಿಸಿಕೊಂಡು ಮರಾಠಿಯಲ್ಲಿ, ಮ್ಯಾಡಮ್, ನೀವೇನು ಹೇಳುತ್ತೀರೋ ಎಂದು ಕಾಯುವಷ್ಟರಲ್ಲಿ ಚೆಂಡು ಹೋಗಿಬಿಡುತ್ತದೆ ಎಂದಳು. ಸಿಟ್ಟು ಬಂತು. ಮನೆಗೆ ಹೋದ ಮೇಲೆ ಅಳುವೂ ಬಂತು. ತೊಡೆಯ ಕೆಳಗೆ ಒತ್ತಿಟ್ಟ ಆ ಎರಡು ಕೈ ನೆನಪಾದದ್ದು ಆಗ.

ಕಳೆದ ತಿಂಗಳು ನಾಸಿಕದಲ್ಲಿ ಪಂದ್ಯವಿತ್ತು. ನಾನು ಕೈಗಳ ಮೇಲೆ ಕೂತೆ. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅಪ್ಪ ಹೇಳಿರಲೇ ಇಲ್ಲ. ಕೊನೆಯ ಗಳಿಗೆಯಲ್ಲಿ ಎದುರಿನವಳು ನುಗ್ಗಿ ಬಂದಳು, ಮಾತು ಗಂಟಲಿಗೆ ಬಂತು, ನುಂಗಿದೆ. ಪಲ್ಲವಿ ಪಕ್ಕದವಳ ಕಡೆ ವಾಲಿ ಏನೋ ಅಂದಳು. ನನಗೆ ಕೇಳಿಸಲಿಲ್ಲ, ಅವಳ ತುಟಿ ಆಡಿದ್ದು ಕಂಡಿತು. ಮೂವರು ಒತ್ತಿ ನಿಂತರು. ಗೆದ್ದ ಹುಡುಗಿಯರು ಓಡಿ ಬಂದು ನನ್ನ ಮೇಲೆ ಬಿದ್ದರು, ಖುಷಿಗೆ ಅಳುತ್ತಿದ್ದೇನೆ ಎಂದುಕೊಂಡರು. ಬೆಂಚಿನವರೆಗೆ ಮಾತು ಬರುವುದಿಲ್ಲ, ತುಟಿ ಮಾತ್ರ ಕಾಣುತ್ತದೆ. ಅಡಗಿಮನಿ ಎನ್ನುವಾಗ ತುಟಿ ಹೇಗೆ ಕೂಡುತ್ತದೆಂದು ಅಂದು ಬೆಂಚಿನ ಮೇಲಿದ್ದ ಅಪ್ಪನಿಗೆ ಗೊತ್ತಿತ್ತು.