ಗೋಡೆಗೆ ಹೇಳಿದ ಮಾತು

ಕುದುರೆ ಸಾಕುವ ಬೆಟ್ಟನಾಡಾದ ಅತ್-ಬಾಶಿ ಕಡೆಯ ಹಳ್ಳಿಗಳಲ್ಲಿ ಅನಿಪಾಳ ಹೆಸರು ಕೇಳದ ಮನೆಯಿಲ್ಲ. ಸಾವಿನ ಮನೆಯಲ್ಲಿ ಹಾಡ್ಯಾಡಿ ಅಳುವುದಕ್ಕೆ ಅವಳಂಥ ಹೆಂಗಸು ಇನ್ನೊಬ್ಬಳಿರಲಿಲ್ಲ. ಗಂಡನನ್ನು ಕಳೆದುಕೊಂಡ ಎಳೆಯ ಹೆಂಗಸರಿಗೆ ಪದ ಹೇಳಿಕೊಟ್ಟು, ಪಕ್ಕದಲ್ಲೇ ಕೂತು ದನಿ ಕೂಡಿಸುತ್ತಿದ್ದಳು. ಉಳಿದಂತೆ ನಮ್ಮ ನಿಮ್ಮಂಥವಳೇ. ಎರಡು ಹಸು, ಒಂದು ಹಟಮಾರಿ ಮೇಕೆ, ತುಟಿ ಬಿಚ್ಚದ ಗಂಡ, ಮಗಳು ಕೊಡಿಸಿದ ಫೋನು.

ಫೋನಿನಲ್ಲಿ ಯಾವುದು ಹಿಡಿಸುತ್ತದೆ, ಯಾವುದು ಇಲ್ಲ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕುದುರೆ ಓಟ, ಕಂಬಳಿ ಮಾಡುವವರು, ಎಲ್ಲೋ ಕರು ಹಾಕಿದ ಯಾರದೋ ಹಸು, ಇವಕ್ಕೆಲ್ಲ ತಪ್ಪದೆ ಹೃದಯ ಒತ್ತುವಳು. ಮದುವೆಯಲ್ಲಿ ನೋಟು ತೂರುವವರನ್ನೂ ಮುಖಕ್ಕೆ ಕೇಕು ಮೆತ್ತುವವರನ್ನೂ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ಬೆರಳು ಒತ್ತಿ ಹಿಡಿ ಅಮ್ಮ, ಇಷ್ಟವಿಲ್ಲ ಅಂತ ಬರುತ್ತೆ. ಅದನ್ನ ಒತ್ತಿದ್ರೆ ಅಂಥದ್ದು ಮತ್ತೆ ಬರಲ್ಲ" ಎಂದು ಮಗಳು ಹೇಳಿಕೊಟ್ಟಿದ್ದಳು. "ನಿಮ್ಮಪ್ಪನ ಕಡೆಯ ನೆಂಟರಿಗೂ ಹೀಗೊಂದಿದ್ರೆ ಚೆನ್ನಾಗಿತ್ತು" ಎಂದು ಅನಿಪಾ ನಕ್ಕಿದ್ದಳು.

ಹೋದ ಬೇಸಿಗೆಯ ಕೊನೆಗೆ ಅವಳ ಅವ್ವ ಬಾತ್ಮಾ, ಅನಿಪಾಳ ತಮ್ಮ ಸಮುದಿನನ ಮನೆಯಲ್ಲಿ ತೀರಿಕೊಂಡಳು. ಸಮುದಿನ್ ಸಾಮಾನ್ಯ ಕುಳವಲ್ಲ. ಹಿಂಡುಗಟ್ಟಲೆ ಕುದುರೆ, ಹೆದ್ದಾರಿ ಪಕ್ಕದಲ್ಲಿ ಕುಮಿಸ್ ಮಾರುವ ಅಂಗಡಿ. ಹುಳಿ ಬರಿಸಿದ ಆ ಕುದುರೆ ಹಾಲಿಗೆ ರಾಜಧಾನಿಯ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅವನ ಅಂಗಳದಲ್ಲಿ ಕಂಬಳಿ ಗುಡಾರ ಎತ್ತಿದರು. ಅನಿಪಾ ಪದ್ಧತಿಯಂತೆ ಬಂದವರಿಗೆ ಬೆನ್ನು ಮಾಡಿ, ಗುಡಾರದ ಗೋಡೆಗೆ ಮುಖ ಕೊಟ್ಟು ಕೂತು ಹಾಡಿದಳು.

"ಹಿಂಡು ಕುದುರೆಯ ಒಡೆಯನ ತಾಯೇ, ಒಂದು ಬಟ್ಟಲು ಕುಮಿಸಿಗೆ ಬಾಯಾರಿ ಹೋದೆಯಲ್ಲೇ ಅವ್ವಾ."

ಸುಳ್ಳಲ್ಲ. ಮುದುಕಿ ಹಾಸಿಗೆ ಹಿಡಿದಾಗಿನಿಂದ ಕೇಳುತ್ತಲೇ ಇದ್ದಳು. "ಇವತ್ತಿಂದು ಗಿರಾಕಿಗಳಿಗೆ, ನಾಳೆ ಕೊಡ್ತೀನಿ" ಎನ್ನುತ್ತಲೇ ಸಮುದಿನ್ ಅವಳನ್ನು ಮಣ್ಣಿಗೆ ಕಳಿಸಿದ. ಗುಡಾರದಲ್ಲಿದ್ದ ಹೆಂಗಸರು ಕೇಳಿದರು, ಬಿಕ್ಕಿದರು, ಹೊರಗೆ ಬಂದ ಮೇಲೆ ಅದರ ಸೊಲ್ಲೆತ್ತಲಿಲ್ಲ. ಹಾಗೇ ನಡೆದುಕೊಂಡು ಬಂದದ್ದು. ಗೋಡೆಗೆ ಹೇಳಿದ್ದು ಗೋಡೆಯ ಹತ್ತಿರವೇ ಉಳಿಯಬೇಕು. ಜೀವಮಾನವಿಡೀ ಬಾಯಿಗೆ ಬೀಗ ಹಾಕಿಕೊಂಡು ಬದುಕುವ ಹೆಂಗಸರಿಗೆ ಅಷ್ಟು ಜಾಗವಾದರೂ ಬೇಡವೇ?

ಸಮುದಿನನ ಮಗಳು ಜೀಬೆಕ್ ಹಿಂದಿನಿಂದ ವಿಡಿಯೊ ತೆಗೆದಳು. ಸಾಲದ್ದಕ್ಕೆ ಗೋಡೆಯುದ್ದಕ್ಕೂ ಜರುಗಿ ಬಂದು ಮುಖವನ್ನೂ ಹಿಡಿದಳು. 'ನಮ್ಮತ್ತೆ ಎಷ್ಟು ಚೆನ್ನಾಗಿ ಅಳ್ತಾರೆ ನೋಡಿ' ಎಂದು ಬರೆದು ಹಾಕಿದಳು. ಪದದಲ್ಲಿ ಏನಿದೆ ಎಂದು ಕಿವಿಗೊಟ್ಟು ಕೇಳಿದ್ದರೆ ತಾನೆ.

ದೇಶವೆಲ್ಲ ನೋಡಿತು. 'ದನಿ ಪರವಾಗಿಲ್ಲ, ಕಣ್ಣೀರು ಕಮ್ಮಿ' ಎಂದ ಒಬ್ಬ. 'ನಮ್ಮಜ್ಜಿ ಸತ್ತಾಗ ಕರೆಸ್ತೀವಿ, ಎಷ್ಟು ತಗೋತಾರೆ?' ಎಂದ ಇನ್ನೊಬ್ಬ. ಯಾವನೋ ಹುಡುಗ ತನ್ನ ಕೈಜಾರಿ ಬಿದ್ದ ಕಡುಬಿನ ತಟ್ಟೆಯ ವಿಡಿಯೊಗೆ ಅವಳ ಅಳುವನ್ನು ಅಂಟಿಸಿದ. ಅದಕ್ಕೂ ಹೃದಯಗಳೇ ಹೃದಯಗಳು. ತಾಯಿಯನ್ನು ಕಳೆದುಕೊಂಡವಳ ಗೋಳು ಇವರಿಗೆ ಆಟದ ಸಾಮಾನು. ಅನಿಪಾ ತನ್ನದೇ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಇಷ್ಟವಿಲ್ಲ ಎಂದಳು. ಮಾರನೆಯ ದಿನ ಅದೇ ಮುಖ ಮತ್ತೆ ಬಂತು. ಆಮೇಲೆ ಕುದುರೆಗಳೂ ಬರಲಿಲ್ಲ, ಕರುಗಳೂ ಬರಲಿಲ್ಲ. ಎಲ್ಲೆಲ್ಲಿಯವರೋ ಅಳುತ್ತ ಬಂದರು.

ಅತ್ತ ಸಮುದಿನನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಏನಪ್ಪ, ಅಮ್ಮನಿಗೆ ಕೊಟ್ಟಾಯ್ತಾ?" ಎಂದು ಕೇಳಿ, ಕೊಳ್ಳದೆ ನಕ್ಕು ಹೋಗುವುದು ಶುರುವಾಯಿತು. ಅವನು ಅಕ್ಕನ ಮನೆಗೆ ಬಂದ. ಚಹಾ ಕೂಡ ಮುಟ್ಟಲಿಲ್ಲ.

"ನನ್ನ ಮಾನ ಹರಾಜು ಹಾಕಿದೆಯಲ್ಲಕ್ಕ."

"ನಾನು ಹೇಳಿದ್ದು ಗೋಡೆಗೆ. ಊರಿಗೆ ಹೇಳಿದ್ದು ನಿನ್ನ ಮಗಳು."

"ಅವಳು ಚಿಕ್ಕವಳು, ಬಿಡು. ನೀನು ಇನ್ನೊಂದು ಸಲ ಹಾಡು. ಅವ್ವನ್ನ ನಾನು ಚೆನ್ನಾಗಿ ನೋಡ್ಕೊಂಡೆ ಅಂತ. ಜೀಬೆಕ್ ಅದನ್ನೂ ಹಾಕ್ತಾಳೆ."

"ಚೆನ್ನಾಗಿ ನೋಡ್ಕೊಂಡ್ಯಾ?"

ಸಮುದಿನ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಹಾಡದಿದ್ರೆ ವರ್ಷದೂಟಕ್ಕೆ ನನ್ನ ಬಾಗಿಲಿಗೆ ಬರಬೇಡ."

ಅಲ್ಲಿ ಅನಿಪಾ ಸಿಕ್ಕಿಬಿದ್ದಳು. ಸತ್ತವರಿಗೆ ಹಾಡಿ ಅಳುವುದು ವರ್ಷದೂಟದವರೆಗೆ ಮಾತ್ರ. ಅಂದು ಕೊನೆಯ ಸಲ ಹಾಡಿ ಕಪ್ಪು ಬಟ್ಟೆ ಕಳಚಿದರೆ ಮುಗಿಯಿತು, ಮತ್ತೆ ಹಾಡುವಂತಿಲ್ಲ. ಊರಿನವರ ತಾಯಂದಿರಿಗೆಲ್ಲ ಹಾಡಿದವಳು ತನ್ನವ್ವನನ್ನು ಬೀಳ್ಕೊಡದೆ ಇರುವುದೆಂದರೆ ಹೇಗೆ? ಒಪ್ಪಿಕೊಂಡಳು.

ಈ ಸಲ ಬೆನ್ನು ಗೋಡೆಗೆ, ಮುಖ ಫೋನಿಗೆ. 'ನೀ ಬಾಯಾರಲಿಲ್ಲ ಅವ್ವಾ, ಮಗನ ಕೈಯ ಬಟ್ಟಲು ಬರಿದಾಗಲಿಲ್ಲ ಅವ್ವಾ.' ಪದ ಸಮುದಿನನದು. "ಅತ್ತೆ, ಇನ್ನೊಂದ್ಸಲ. ಕಣ್ಣಲ್ಲಿ ನೀರೇ ಬರ್ಲಿಲ್ಲ" ಎಂದಳು ಜೀಬೆಕ್. ಇನ್ನೊಂದು ಸಲ, ಮತ್ತೊಂದು ಸಲ, ಪದ ನಾಲಿಗೆಗೆ ಹತ್ತುವವರೆಗೂ ಹಾಡಿಸಿದಳು. 'ಇದ್ರೆ ಇಂಥ ಮಗ ಇರ್ಬೇಕು' ಎಂದು ಜನ ಹೊಗಳಿದರು. ಕಾರುಗಳು ಮತ್ತೆ ಸಾಲುಗಟ್ಟಿದವು.

ವರ್ಷದೂಟದ ದಿನ ಅಂಗಳದಲ್ಲಿ ಮತ್ತೆ ಗುಡಾರ ಎದ್ದಿತು. ಅನಿಪಾ ಕಪ್ಪು ಬಟ್ಟೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ವರ್ಷವಿಡೀ ಎದೆಯೊಳಗೆ ಕಟ್ಟಿಟ್ಟುಕೊಂಡಿದ್ದ ಪದಗಳಿದ್ದವು, ಅವ್ವನ ಕೈ, ಅವ್ವನ ಜಡೆ, ಅವ್ವ ಬೈಯುತ್ತಿದ್ದ ಬೈಗುಳ. ಬಾಯಿ ತೆರೆದಳು.

"ನೀ ಬಾಯಾರಲಿಲ್ಲ ಅವ್ವಾ..."

ತಡೆದಳು. ಇನ್ನೊಮ್ಮೆ ಉಸಿರು ತುಂಬಿಕೊಂಡು ಶುರುಮಾಡಿದಳು. ಮತ್ತೆ ಅದೇ ಬಂತು. ಅವಳು ತಲೆವಸ್ತ್ರದ ಚುಂಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬಾಯಿಂದ ಒಂದು ಪದವೂ ಹೊರಡಲಿಲ್ಲ.

"ಪಾಪ, ಗಂಟಲು ಕಟ್ಟಿದೆ" ಎಂದಿತು ಒಂದು ದನಿ. ಸಮುದಿನ್ ತಾನೇ ಒಳಗೆ ಬಂದ, ಕೈಯಲ್ಲಿ ತುಂಬಿ ತುಳುಕುವ ಬಟ್ಟಲು. "ಕುಡಿಯಕ್ಕ, ನಮ್ಮನೇದೇ." ಅವನ ಹಿಂದೆ ಜೀಬೆಕ್ ಫೋನು ಎತ್ತಿ ಹಿಡಿದಿದ್ದಳು.

ಗುಡಾರ ತುಂಬ ಜನ ನೋಡುತ್ತಿದ್ದರು. ಅನಿಪಾ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು ಕುಡಿದಳು. ಕುಮಿಸ್ ಅವ್ವನಿಗೆ ಬೇಕಾದ ಹದಕ್ಕೇ ಹುಳಿ ಬಂದಿತ್ತು.