ಟವರ್ ಚಿಕ್ಕದು ಮಾಡುವ ತನಕ ಪೂರಾ ಹೆಸರು

ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ಗ್ಯಾಸ್ ಬುಕ್ ಮಾಡಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಪುಂಡಿಸೊಪ್ಪು ಸೋಸಿಟ್ಟೆ. ಮಧ್ಯಾಹ್ನ ಒಂದು ವಿಮಾನ ಇಳಿಸಿದೆ.

(ಕಡೆಯ ಕೆಲಸವನ್ನೂ ಹುಮನಾಬಾದಿನ ನಮ್ಮ ಅಡುಗೆಮನೆಯಿಂದಲೇ ಮಾಡಿದ್ದು.)

ಬಸವಕಲ್ಯಾಣದಲ್ಲಿರುವ ನನ್ನ ಅಣ್ಣನ ಮಗಳು ಪಲ್ಲವಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ನೌಕರಿಗಲ್ಲ, ಖಾಸಗಿ ಪೈಲಟ್ ಲೈಸನ್ಸಿಗೆ. ಕಲಿಸುವ ಸರ್ ಪಕ್ಕದಲ್ಲಿದ್ದರೆ ಚೆನ್ನಾಗಿಯೇ ಹಾರಿಸುತ್ತಾಳಂತೆ. ಒಬ್ಬಳೇ ಹಾರಲು ಮಾತ್ರ ಅವರು ಬಿಟ್ಟಿಲ್ಲ. ಯಾಕೆ? ರೇಡಿಯೊದಲ್ಲಿ ಸಲುಗೆ ಜಾಸ್ತಿ! ಸಂಜೆ ಫೋನಿನಲ್ಲೇ ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಸೋಮವಾರ ಒಬ್ಬಳೇ ಹಾರಬಹುದು. ಮನೆಯಲ್ಲಿ ಎಲ್ಲರೂ ನಗುತ್ತಾರೆಂದು ಅಭ್ಯಾಸಕ್ಕೆ ನಮ್ಮಲ್ಲಿಗೆ ಬಂದಿದ್ದಳು.

ಪ್ರತಿ ವಿಮಾನಕ್ಕೂ ಇಂಗ್ಲಿಷಿನ ಐದಕ್ಷರದ ಹೆಸರು. ನಮ್ಮ ದೇಶದವೆಲ್ಲ ವಿ, ಟಿ ಎಂದು ಶುರುವಾಗುತ್ತವೆ. ತಪ್ಪಿ ಕೇಳಬಾರದೆಂದು ಅಕ್ಷರಕ್ಕೊಂದು ಪದ. ಪಲ್ಲವಿಯ ಅಭ್ಯಾಸದ ವಿಮಾನ "ವಿಕ್ಟರ್ ಟ್ಯಾಂಗೊ ಎಕ್ಸ್‌ರೇ ಯಾಂಕಿ ಜುಲು". ಇದನ್ನು "ವಿಕ್ಟರ್ ಯಾಂಕಿ ಜುಲು" ಎಂದು ಚಿಕ್ಕದು ಮಾಡಬಹುದು. ಆದರೆ ಮೊದಲು ಟವರಿನವರು, ಅಂದರೆ ನಿಲ್ದಾಣದಿಂದ ರೇಡಿಯೊದಲ್ಲಿ ವಿಮಾನಗಳಿಗೆ ಅಪ್ಪಣೆ ಕೊಡುವವರು, ಹಾಗೆ ಕರೆಯಬೇಕು. ಅಲ್ಲಿಯವರೆಗೆ ಪೈಲಟ್ ಪೂರಾ ಹೆಸರನ್ನೇ ಹೇಳಬೇಕು.

ನಮ್ಮ ಕಡೆಯವರಿಗೆ ಇದು ಆಗುವ ಮಾತೇ? ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಅವನನ್ನು ಕಾಕಾ ಮಾಡಿಕೊಳ್ಳುವ ಜನ ನಾವು. ಪಲ್ಲವಿಯೂ ಟವರನ್ನು ಹಾಗೇ ನೆಂಟ ಮಾಡಿಕೊಂಡು, ಮೊದಲ ಮಾತಿಗೇ ಚಿಕ್ಕ ಹೆಸರು ಹೇಳಿಬಿಡುತ್ತಿದ್ದಳು.

ರೊಟ್ಟಿ ಬಡಿಯುತ್ತ ನಾನೇ ಟವರ್ ಆದೆ. "ಏ ಪಲ್ಲೂ, ಇಳದು ಬಾ."

"ಅತ್ತಿ, ಟವರ್ ಹಿಂಗ ಕರೀತದೇನು? ನೀನೇ ನನ್ನ ಕೆಡಸಾಕತ್ತೀದಿ."

"ರೊಟ್ಟಿ ಆರತದವಾ."

"ಆರಲಿ. ನಾ ಇನ್ನಾ ಮ್ಯಾಲಿದ್ದೀನಿ."

ಪಡಸಾಲೆಯಿಂದ ಯಜಮಾನರು, "ಪೂರಾ ಹೆಸರು ಹೇಳೂದರಾಗ ವಿಮಾನ ರಾಜೇಶ್ವರ ಊರು ದಾಟಿರ್ತದ" ಅಂದರು.

"ಮಾಮಾ, ಚಿಕ್ಕದು ಮಾಡಿದ್ರ ಅಂಥಾದೇ ಹೆಸರಾಗೂ ಇನ್ನೊಂದು ವಿಮಾನ ಇತ್ತಂದ್ರ? ಇಳೀರಿ ಅಂದ್ರ ಇಬ್ಬರೂ ಇಳೀತೀವಿ. ರನ್‌ವೇ ಒಂದೇ."

ಯಜಮಾನರು ಟಿವಿ ಸಣ್ಣದು ಮಾಡಿದರು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ, ಅತ್ತೆಯವರು ತಾವಾಗಿ "ಏ ಹುಡುಗಿ" ಅನ್ನುವವರೆಗೆ ಎರಡು ಮಾತು ಹೆಚ್ಚಿಗೆ ಆಡಿರಲಿಲ್ಲ. ಸಲುಗೆಯನ್ನು ನಾವು ತೆಗೆದುಕೊಳ್ಳುವುದಲ್ಲ, ಎದುರಿನವರು ಕೊಡಬೇಕು. ಈಗ? ಸಾಲ ಬೇಕೇ ಎಂದು ಫೋನ್ ಮಾಡುವ ಅಪರಿಚಿತರು ಮೊದಲ ಮಾತಿಗೇ ನನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಇವರಿಗೆ ಯಾವ ಟವರಿನ ಪರ್ಮಿಷನ್?

ಸಂಜೆ ಸರ್ ಫೋನ್ ಬಂತು. ಸ್ಪೀಕರ್ ಹಾಕಿದಳು. ಅವರು ಟವರ್ ಆಗಿ ಪೂರಾ ಹೆಸರು ಹಿಡಿದು ಕರೆದರು. ಇವಳೂ ಪೂರಾ ಹೇಳಿದಳು. ಮತ್ತೆ ಕರೆದರು, ಮತ್ತೆ ಪೂರಾ. ಅವರು ಬೇಕೆಂದೇ ಎಳೆಯುತ್ತಿದ್ದರು. ಇವಳ ನಾಲಿಗೆ ತುದಿಗೆ ಚಿಕ್ಕ ಹೆಸರು ಬಂದು ನಿಂತದ್ದು ನನಗೇ ಕಾಣಿಸಿತು. ನುಂಗಿಕೊಂಡಳು.

ಕೊನೆಗೆ ಅವರೇ, "ವಿಕ್ಟರ್ ಯಾಂಕಿ ಜುಲು, ಕ್ಲಿಯರ್ಡ್ ಟು ಲ್ಯಾಂಡ್" ಎಂದು ಇಳಿಯಲು ಅಪ್ಪಣೆ ಕೊಟ್ಟರು.

"ಕ್ಲಿಯರ್ಡ್ ಟು ಲ್ಯಾಂಡ್, ವಿಕ್ಟರ್ ಯಾಂಕಿ ಜುಲು" ಅಂದವಳೇ ಪಲ್ಲವಿ ನನ್ನ ಕೈ ಹಿಡಿದಳು. ಆ ಕಡೆಯಿಂದ ಒಂದೇ ಮಾತು: "ಸೋಮವಾರ ಬೇಗ ಬಾ."

ಉಂಡದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಮೊದಲು ನಿದ್ದೆ ಹೋದವಳು ಸೋಮವಾರ ಒಬ್ಬಳೇ ಹಾರುವವಳು. ನೆಲದ ಮೇಲೇ ಇರುವ ನಾವಿಬ್ಬರು ಮಾತ್ರ ಹೊರಳಾಡುತ್ತಿದ್ದೆವು.